ಆಟದಲ್ಲಿ ಮಾತು: ಫ್ರೆಂಚ್ ಕಲಿಯುವವರ ಆರು ಆಟಗಳು



ಈ ಸಂಚಿಕೆಯ ಭಾಷೆಯ ಪುಟಕ್ಕೆ ನಾನು ಫ್ರೆಂಚ್ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಫ್ರೆಂಚ್ ಇಲ್ವಲ್ಲ, ಇದನ್ನು ಓದಿ ನಮಗೇನು ಪ್ರಯೋಜನ ಅಂತ ಕೆಲವರು ಕೇಳಬಹುದು. ಪ್ರಯೋಜನ ಇದೆ. ಕೊನೆಯವರೆಗೆ ಓದಿ, ಆಮೇಲೆ ಹೇಳಿ.

ಬೆಂಗಳೂರಿನಲ್ಲಿರುವ ನಮ್ಮ ದೊಡ್ಡಮ್ಮನ ಮಗಳು ಪಿ.ಯು.ಸಿ.ಯಲ್ಲಿ ಎರಡನೆಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದಾಳೆ. ಬೇಸಿಗೆ ರಜದಲ್ಲಿ ನಾನು ಅವರ ಮನೆಯಲ್ಲಿದ್ದೆ. ದಿನಾ ಸಂಜೆ ಅಕ್ಕ ಮತ್ತು ಅವಳ ನಾಲ್ಕು ಜನ ಗೆಳತಿಯರು ತಾರಸಿ ಮೇಲೆ ಸೇರಿ ಫ್ರೆಂಚಿನಲ್ಲಿ ಮಾತಾಡುವ ಅಭ್ಯಾಸ ಮಾಡೋರು. ಅಭ್ಯಾಸ ಅಂದರೆ ಪುಸ್ತಕ ಹಿಡಿದು ಓದೋದಲ್ಲ, ಬರೀ ಆಟ. ತರಗತಿಯಲ್ಲಿ ಅವರ ಮೇಡಂ ಆಡಿಸಿದ ಆಟಗಳನ್ನೇ ಇಲ್ಲಿ ಮತ್ತೆ ಆಡೋರು. ಆಟಕ್ಕೆ ಜನ ಬೇಕಲ್ಲ, ನನ್ನನ್ನೂ ಸೇರಿಸಿಕೊಂಡರು. ಒಂದು ತಿಂಗಳು ಆಡಿದ್ದನ್ನು, ಅಕ್ಕನ ನೋಟಿನಿಂದ ಬರೆದುಕೊಂಡದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ಫ್ರೆಂಚ್ ಎಲ್ಲಿ ಮಾತಾಡುತ್ತಾರೆ?

ಫ್ರಾನ್ಸ್ ದೇಶದಲ್ಲಿ ಅಂತ ಎಲ್ಲರಿಗೂ ಗೊತ್ತು. ಬೆಲ್ಜಿಯಂ ಮತ್ತು ಸ್ವಿಟ್ಜರ್‌ಲ್ಯಾಂಡಿನ ಕೆಲವು ಭಾಗಗಳಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ಸೆನೆಗಲ್, ಕಾಂಗೋ ಮುಂತಾದ ಆಫ್ರಿಕಾದ ಹಲವು ದೇಶಗಳಲ್ಲೂ ಈ ಭಾಷೆ ಇದೆ. ನಮ್ಮ ಪಕ್ಕದ ಪುದುಚೇರಿ 1954ರವರೆಗೆ ಫ್ರೆಂಚರ ಆಡಳಿತದಲ್ಲೇ ಇತ್ತು. ಟಿಪ್ಪು ಸುಲ್ತಾನನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿಗೆ ಹೋಗಿ ಅಲ್ಲಿನ ದೊರೆ 16ನೆಯ ಲೂಯಿಯನ್ನು ಕಂಡಿದ್ದರು. ಹಾಗಾಗಿ ತೀರಾ ಅಪರಿಚಿತ ಭಾಷೆ ಏನಲ್ಲ.

ಓದಲು ಬರುತ್ತೆ, ಕೇಳಿದರೆ ತಿಳಿಯೊಲ್ಲ

ಫ್ರೆಂಚ್ ಕಲಿಯುವವರ ದೊಡ್ಡ ಕಷ್ಟ ಇದು. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ. ಫ್ರೆಂಚಿನಲ್ಲಿ ಹಾಗಲ್ಲ. ಪದದ ಕೊನೆಯ ಅಕ್ಷರಗಳು ಎಷ್ಟೋ ಸಲ ಬಾಯಿಗೇ ಬರುವುದಿಲ್ಲ. ‘ನಾನು ಮಾತಾಡುತ್ತೇನೆ’, ‘ನೀನು ಮಾತಾಡುತ್ತೀಯೆ’, ‘ಅವರು ಮಾತಾಡುತ್ತಾರೆ’ ಇವುಗಳ ಕ್ರಿಯಾಪದವನ್ನು ಮೂರು ಥರ ಬರೆಯುತ್ತಾರೆ. ಉಚ್ಚಾರಣೆ ಮಾತ್ರ ಮೂರಕ್ಕೂ ಒಂದೇ, ‘ಪಾರ್ಲ್’. ಪುಸ್ತಕದಲ್ಲಿ ಮೂರು, ಕಿವಿಗೆ ಒಂದು!

ಇದರ ಜೊತೆಗೆ ಸಂಧಿ ಬೇರೆ. ಗಾಬರಿ ಬೇಡ, ಸಂಧಿ ನಮಗೆ ಹೊಸದಲ್ಲ. ‘ಮನೆ’ಗೆ ‘ಅಲ್ಲಿ’ ಸೇರಿದರೆ ನಡುವೆ ಯಕಾರ ಬಂದು ‘ಮನೆಯಲ್ಲಿ’ ಆಗುತ್ತದೆ ಅಂತ ಓದಿದ್ದೇವೆ. ಫ್ರೆಂಚಿನಲ್ಲಿ ‘ಲೇ’ ಅಂದರೆ ಬಹುವಚನದ ಗುರುತು, ‘ಆಮಿ’ ಅಂದರೆ ಗೆಳೆಯ. ಎರಡೂ ಸೇರಿದರೆ ‘ಲೇ ಆಮಿ’ ಅಲ್ಲ, ‘ಲೇ-ಜ಼ಾಮಿ’. ‘ಲೇ’ ಪದದ ಕೊನೆಯಲ್ಲಿ ಸುಮ್ಮನೆ ಕೂತಿರುವ ಎಸ್ ಅಕ್ಷರ, ಮುಂದೆ ಸ್ವರ ಬಂದ ಕೂಡಲೇ ‘ಜ಼’ ಆಗಿ ಎದ್ದು ಬರುತ್ತದೆ. ಕಣ್ಣಿನಲ್ಲಿ ಮಾತ್ರ ಕಲಿತವರು ‘ಜ಼ಾಮಿ’ ಅನ್ನೋದು ಯಾವುದೋ ಹೊಸ ಪದ ಅಂದುಕೊಂಡು ನಿಘಂಟಿನಲ್ಲಿ ಹುಡುಕುತ್ತಾರೆ.

(ಓದುಗರಿಗೆ ಸೂಚನೆ: ಫ್ರೆಂಚ್ ಪದಗಳನ್ನು ಕನ್ನಡದಲ್ಲಿ ಬರೆದಿರುವುದು ಹತ್ತಿರ ಹತ್ತಿರಕ್ಕೆ ಮಾತ್ರ. ಕೆಳಗೆ ಚುಕ್ಕಿ ಇಟ್ಟ ‘ಜ಼’ವನ್ನು ಹಲ್ಲು ಕಚ್ಚಿ, ದುಂಬಿ ಗುಂಯ್ ಅಂದ ಹಾಗೆ ಹೇಳಬೇಕು. ಸೊನ್ನೆ ಇರುವಲ್ಲಿ ‘ಮ’ ಅಥವಾ ‘ನ’ ಪೂರ್ತಿ ಹೇಳದೆ ಮೂಗಿನಲ್ಲಿ ಬಿಡಬೇಕು.)

ಫ್ರಾನ್ಸ್ ಸರ್ಕಾರದ ‘ದೆಲ್ಫ್’ ಎಂಬ ಪರೀಕ್ಷೆ 1985ರಿಂದ ನಡೆಯುತ್ತಿದೆ. ಬೇರೆ ದೇಶದವರು ತಮಗೆ ಎಷ್ಟು ಫ್ರೆಂಚ್ ಬರುತ್ತದೆ ಎಂದು ತೋರಿಸಲು ಇದನ್ನು ಕಟ್ಟುತ್ತಾರೆ. ಅದರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಒಂದೊಂದಕ್ಕೆ 25ರಂತೆ ಒಟ್ಟು 100 ಅಂಕ. ಪಾಸಾಗಲು 50 ಬೇಕು. ಆದರೆ ಯಾವುದೇ ಒಂದು ಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಒಟ್ಟು ಎಷ್ಟೇ ಬಂದರೂ ಫೇಲು. ಬರವಣಿಗೆಯಲ್ಲಿ ಜಾಣರಾದವರು ಬಾಯಿ ಬಿಡದೆ ಕೂತರೆ ದಾಟಲು ಆಗುವುದಿಲ್ಲ. ಅಕ್ಕನಿಗೂ ಅವಳ ಗೆಳತಿಯರಿಗೂ ಇದ್ದ ಚಿಂತೆ ಇದೇ. ಅದಕ್ಕೇ ಈ ಆಟಗಳು.

ಆಟ 1: ಝಾಕ್ ಹೇಳಿದ

ಫ್ರೆಂಚಿನಲ್ಲಿ ಇದರ ಹೆಸರು ‘ಝಾಕ್ ಆ ದಿ’. ಫ್ರಾನ್ಸಿನ ಚಿಕ್ಕ ಮಕ್ಕಳು ಆಡುವ ಆಟ. ಒಬ್ಬರು ಮುಂದೆ ನಿಂತು ಅಪ್ಪಣೆ ಕೊಡುತ್ತಾರೆ. ಅಪ್ಪಣೆಯ ಮೊದಲು ‘ಝಾಕ್ ಆ ದಿ’ ಅಂದಿದ್ದರೆ ಮಾತ್ರ ಎಲ್ಲರೂ ಹಾಗೆ ಮಾಡಬೇಕು. ಅನ್ನದಿದ್ದರೆ ಅಲ್ಲಾಡಬಾರದು.

‘ಝಾಕ್ ಆ ದಿ: ಲವೇ ಲಾ ಮ್ಯಾಂ’ ಅಂದರೆ ಕೈ ಎತ್ತಿ. ‘ತೂಶೇ ಲ ನೇ’ ಅಂದರೆ ಮೂಗು ಮುಟ್ಟಿ. ‘ತೂಶೇ ಲೇ-ಜ಼ೋರೇಯ್’ ಅಂದರೆ ಕಿವಿ ಮುಟ್ಟಿ. ಕಿವಿಗೆ ಪದ ‘ಓರೇಯ್’. ಮೇಲೆ ಹೇಳಿದ ಸಂಧಿ ಇಲ್ಲಿ ಬಂತು ನೋಡಿ. ಹತ್ತು ಸಲ ಕಿವಿ ಮುಟ್ಟಿಕೊಂಡವರಿಗೆ ಈ ಸಂಧಿ ಮತ್ತೆ ಮರೆಯುವುದಿಲ್ಲ.

ಈ ಆಟದ ಒಳ್ಳೆಯ ಗುಣ ಏನೆಂದರೆ, ಕಲಿಯುವವರು ಮೊದಲು ಮಾತಾಡಲೇಬೇಕಾಗಿಲ್ಲ. ಕೇಳಿದರೆ ಸಾಕು, ಕೈಕಾಲು ಉತ್ತರ ಕೊಡುತ್ತದೆ. ಜೇಮ್ಸ್ ಆಶರ್ ಎಂಬ ಅಮೆರಿಕದ ಮನಶ್ಶಾಸ್ತ್ರದ ಪ್ರಾಧ್ಯಾಪಕರು 1960ರ ದಶಕದಲ್ಲಿ ಇದನ್ನೇ ಒಂದು ಬೋಧನಾ ವಿಧಾನವಾಗಿ ಬೆಳೆಸಿದರು. ಮಗು ಮಾತು ಕಲಿಯುವ ಮೊದಲೇ ‘ಬಾ’, ‘ಕೂತ್ಕೋ’, ‘ಕೊಡು’ ಅಂದರೆ ತಿಳಿದುಕೊಂಡು ಮಾಡುತ್ತದೆ ತಾನೆ? ಹೊಸ ಭಾಷೆಗೂ ಅದೇ ದಾರಿ ಎಂಬುದು ಅವರ ವಾದ.

ಎರಡು ದಿನ ಆದಮೇಲೆ ಕಲಿಯುವವರೇ ಸರದಿಯಲ್ಲಿ ಝಾಕ್ ಆಗಬೇಕು. ಆಗ ಮಾತು ತಾನೇ ಶುರು. ಇನ್ನೊಂದು ವಿಷಯ. ಗುಂಪಿಗೆ ಅಥವಾ ದೊಡ್ಡವರಿಗೆ ಹೇಳುವಾಗ ‘ತೂಶೇ’, ಒಬ್ಬ ಗೆಳತಿಗೆ ಹೇಳುವಾಗ ‘ತೂಶ್’. ನಮ್ಮ ‘ಮುಟ್ಟಿ’, ‘ಮುಟ್ಟು’ ಇದ್ದ ಹಾಗೇ. ನೀನು ಅನ್ನಲು ‘ತ್ಯು’, ನೀವು ಅನ್ನಲು ‘ವೂ’. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಇಲ್ಲ. ಕನ್ನಡದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಆಟ 2: ಲೋತೋ

ಇದು ಅಂಕಿಗಳ ಆಟ. ಮೊದಲು ಫ್ರೆಂಚ್ ಲೆಕ್ಕ ಹೇಳುತ್ತೇನೆ, ನಗಬೇಡಿ. 60ರವರೆಗೆ ಸರಿಯಾಗಿ ಬರುತ್ತದೆ. 60 ಅಂದರೆ ‘ಸ್ವಾಸಾಂತ್’. 70ಕ್ಕೆ ಬೇರೆ ಪದ ಇಲ್ಲ, ‘ಅರವತ್ತು-ಹತ್ತು’ ಅನ್ನುತ್ತಾರೆ: ‘ಸ್ವಾಸಾಂತ್-ದೀಸ್’. 71 ಅಂದರೆ ‘ಅರವತ್ತು ಮತ್ತು ಹನ್ನೊಂದು’. 80 ಅಂದರೆ ‘ನಾಲ್ಕು ಇಪ್ಪತ್ತು’: ‘ಕಾತ್ರ್-ವ್ಯಾಂ’. 90 ಅಂದರೆ ‘ನಾಲ್ಕು ಇಪ್ಪತ್ತು ಹತ್ತು’. 99 ಹೇಳಬೇಕಾದರೆ ‘ನಾಲ್ಕು ಇಪ್ಪತ್ತು ಹತ್ತು ಒಂಬತ್ತು’: ‘ಕಾತ್ರ್-ವ್ಯಾಂ-ದೀಜ಼್-ನಫ್’! ಬೆಲ್ಜಿಯಂನವರು, ಸ್ವಿಟ್ಜರ್‌ಲ್ಯಾಂಡಿನವರು ಮಾತ್ರ 70ಕ್ಕೆ ‘ಸೆಪ್ತಾಂತ್’, 90ಕ್ಕೆ ‘ನೊನಾಂತ್’ ಎಂಬ ಬೇರೆ ಪದ ಬಳಸುತ್ತಾರೆ.

ಬರೆಯುವಾಗ ಇದು ಕಷ್ಟವಲ್ಲ. ಕೇಳುವಾಗ ಕಷ್ಟ. ಫ್ರಾನ್ಸಿನ ಫೋನ್ ನಂಬರಿನಲ್ಲಿ 1996ರಿಂದ ಹತ್ತು ಅಂಕಿ. ಅದನ್ನು ಒಂದೊಂದೇ ಹೇಳುವುದಿಲ್ಲ, ಎರಡೆರಡರ ಐದು ಜೋಡಿ ಮಾಡಿ ಹೇಳುತ್ತಾರೆ. ‘ಸ್ವಾಸಾಂತ್’ ಅಂತ ಕೇಳಿದ ಕೂಡಲೇ ನೀವು 6 ಅಂತ ಬರೆದುಬಿಡುತ್ತೀರಿ. ಅಷ್ಟರಲ್ಲಿ ‘ಕ್ಯಾಂಜ಼್’, ಅಂದರೆ ಹದಿನೈದು, ಬರುತ್ತದೆ. ಅದು ಅರವತ್ತು-ಹದಿನೈದು, ಅಂದರೆ 75. ಬರೆದ 6 ಹೊಡೆದು ಹಾಕಬೇಕು. ಹೊಡೆದು ಹಾಕುವಷ್ಟರಲ್ಲಿ ಮುಂದಿನ ಜೋಡಿ ಹೋಗಿಬಿಟ್ಟಿರುತ್ತದೆ. ಪೂರ್ತಿ ಕೇಳುವ ತನಕ ಪೆನ್ನು ಇಡಬಾರದು ಎಂಬ ತಾಳ್ಮೆಯನ್ನು ಲೋತೋ ಕಲಿಸುತ್ತದೆ.

ಬೇಕಾಗುವ ಸಾಮಾನು: ರಟ್ಟಿನ ಚೀಟಿಗಳು ಮತ್ತು ಹುಣಿಸೆ ಬೀಜ. ಪ್ರತಿ ಚೀಟಿಯಲ್ಲಿ ಅಡ್ಡಕ್ಕೆ 3 ಸಾಲು, ಉದ್ದಕ್ಕೆ 9 ಮನೆ ಬರೆಯಿರಿ. ಪ್ರತಿ ಸಾಲಿನಲ್ಲಿ 5 ಮನೆಗೆ ಮಾತ್ರ ಅಂಕಿ ತುಂಬಿ. ಒಟ್ಟು 15 ಅಂಕಿ, 1ರಿಂದ 90ರೊಳಗೆ. ಬೇರೆ ಬೇರೆ ಚೀಟಿಗೆ ಬೇರೆ ಬೇರೆ ಅಂಕಿ. ಒಬ್ಬರು ಡಬ್ಬಿಯಿಂದ ನಂಬರ್ ಎತ್ತಿ ಫ್ರೆಂಚಿನಲ್ಲಿ ಎರಡು ಸಲ ಹೇಳುತ್ತಾರೆ. ತೋರಿಸುವುದಿಲ್ಲ. ತಮ್ಮ ಚೀಟಿಯಲ್ಲಿ ಇದ್ದವರು ಬೀಜ ಇಡುತ್ತಾರೆ. ಒಂದು ಸಾಲು ತುಂಬಿದವರು ‘ಕೀನ್!’ ಅಂತ ಕೂಗಬೇಕು. ಕೂಗಿದರೆ ಮುಗಿಯಲಿಲ್ಲ. ಆ ಐದು ಅಂಕಿಗಳನ್ನೂ ಫ್ರೆಂಚಿನಲ್ಲಿ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಿ ಒಪ್ಪಬೇಕು. ಹೀಗೆ ಕೇಳುವುದೂ ಆಯಿತು, ಹೇಳುವುದೂ ಆಯಿತು.

ಆಟ 3: ತಂತಿಯಿಲ್ಲದ ಟೆಲಿಫೋನ್

ನಾವು ಆಡುವ ಕಿವಿಮಾತಿನ ಆಟವೇ ಇದು. ಸಾಲಾಗಿ ಕೂತು ಮೊದಲನೆಯವರು ಪಕ್ಕದವರ ಕಿವಿಯಲ್ಲಿ ಒಂದು ವಾಕ್ಯ ಹೇಳುವುದು, ಅದು ದಾಟಿ ದಾಟಿ ಕೊನೆಯವರು ಗಟ್ಟಿಯಾಗಿ ಹೇಳುವುದು. ಹೆಚ್ಚು ವಿವರ ಬೇಡ. ಆದರೆ ವಾಕ್ಯವನ್ನು ಆರಿಸುವಾಗ ಜಾಣತನ ಬೇಕು. ಫ್ರೆಂಚಿನಲ್ಲಿ ‘ಪ್ವಾಸೋಂ’ ಅಂದರೆ ಮೀನು. ‘ಪ್ವಾಜ಼ೋಂ’ ಅಂದರೆ ವಿಷ. ‘ನಾನು ಮೀನು ತಿನ್ನುತ್ತೇನೆ’ ಅಂತ ಹೊರಟ ವಾಕ್ಯ ಆರನೆಯವರ ಹತ್ತಿರ ಬರುವಷ್ಟರಲ್ಲಿ ಏನಾಗಿತ್ತು ಅಂತ ನೀವೇ ಊಹಿಸಿ. ಅವತ್ತಿನಿಂದ ‘ಸ’ ಮತ್ತು ‘ಜ಼’ ಬೇರೆ ಮಾಡಿ ಹೇಳಬೇಕು ಅಂತ ಯಾರೂ ಯಾರಿಗೂ ನೆನಪಿಸಬೇಕಾಗಲಿಲ್ಲ.

ಆಟ 4: ಹೌದೂ ಅಲ್ಲ, ಇಲ್ಲವೂ ಅಲ್ಲ

‘ನೀ ವೀ ನೀ ನೋಂ’ ಅಂತ ಇದರ ಹೆಸರು. ‘ವೀ’ ಅಂದರೆ ಹೌದು, ‘ನೋಂ’ ಅಂದರೆ ಇಲ್ಲ. ಒಬ್ಬರನ್ನು ನಡುವೆ ಕೂರಿಸಿ ಎಲ್ಲರೂ ಪ್ರಶ್ನೆ ಕೇಳುತ್ತಾರೆ. ಅವರು ಈ ಎರಡು ಪದ ಬಿಟ್ಟು ಬೇರೆ ಏನಾದರೂ ಹೇಳಿ ಉತ್ತರ ಕೊಡಬೇಕು. ಒಂದು ನಿಮಿಷ ತಡೆದರೆ ಗೆದ್ದಂತೆ.

ಭಾಷೆ ಕಲಿಯುವವರು ಯಾವಾಗಲೂ ‘ಎಸ್’, ‘ನೋ’ ಅಂತ ಒಂದೇ ಪದದಲ್ಲಿ ತಪ್ಪಿಸಿಕೊಳ್ಳುತ್ತಾರೆ. ಈ ಆಟ ಆ ಬಾಗಿಲನ್ನೇ ಮುಚ್ಚುತ್ತದೆ. ‘ತ್ಯು ಎಮ್ ಲ ಕಾಫೇ?’ (ನಿನಗೆ ಕಾಫಿ ಇಷ್ಟನಾ?) ಎಂದರೆ ‘ಝೆಮ್ ಬೋಕೂ ಲ ಕಾಫೇ’ (ನನಗೆ ಕಾಫಿ ತುಂಬಾ ಇಷ್ಟ) ಎಂದು ಪೂರ್ತಿ ವಾಕ್ಯವನ್ನೇ ಹೇಳಬೇಕಾಗುತ್ತದೆ. ಸಹಾಯಕ್ಕೆ ಕೆಲವು ಪದಗಳು:

ಬಿಯಾಂ ಸ್ಯುರ್ – ಖಂಡಿತ
ಪಾ ದ್ಯು ತೂ – ಖಂಡಿತಾ ಇಲ್ಲ
ಪ್ಯೊತೆತ್ರ್ – ಇರಬಹುದು
ಸೇ ವ್ರೇ – ಅದು ನಿಜ
ಝಾಮೇ – ಎಂದೂ ಇಲ್ಲ

ಪ್ರಶ್ನೆ ಕೇಳುವವರದ್ದೂ ಉಪಾಯ ಇದೆ. ಉತ್ತರ ಹೇಳಿ ಉಸಿರು ಬಿಡುವಾಗ ಥಟ್ಟನೆ ‘ವ್ರೆಮಾಂ?’ (ನಿಜವಾಗ್ಲೂ?) ಅನ್ನಬೇಕು. ‘ವೀ’ ಅಂತ ಬಾಯಿಗೆ ಬಂದೇಬಿಡುತ್ತದೆ.

ಇಲ್ಲಿ ಒಂದು ಸ್ವಾರಸ್ಯ. ‘ನೀನು ಹಾಲು ಕುಡಿಯಲ್ವಾ?’ ಅಂತ ಯಾರಾದರೂ ಕೇಳಿದರೆ ಕನ್ನಡದಲ್ಲಿ ‘ಹೂಂ, ಕುಡಿಯಲ್ಲ’ ಅಂತಲೂ ಹೇಳುತ್ತೇವೆ, ‘ಇಲ್ಲ, ಕುಡೀತೀನಿ’ ಅಂತಲೂ ಹೇಳುತ್ತೇವೆ. ಬರೀ ‘ಹೂಂ’ ಅಂದರೆ ಕೇಳಿದವರಿಗೆ ಗೊಂದಲ. ಫ್ರೆಂಚಿನಲ್ಲಿ ಇದಕ್ಕೇ ಒಂದು ಬೇರೆ ಪದ ಇಟ್ಟಿದ್ದಾರೆ: ‘ಸೀ’. ಇಲ್ಲ ಎಂಬ ಧಾಟಿಯ ಪ್ರಶ್ನೆಗೆ ‘ಹಾಗಲ್ಲ, ಕುಡೀತೀನಿ’ ಎನ್ನಲು ‘ಸೀ’ ಅಂದರೆ ಸಾಕು. ಅದು ‘ವೀ’ಯೂ ಅಲ್ಲ, ‘ನೋಂ’ ಕೂಡ ಅಲ್ಲ. ಆದ್ದರಿಂದ ಈ ಆಟದಲ್ಲಿ ಅದು ನಡೆಯುತ್ತದೆ! ಆದರೆ ಬರೀ ‘ಸೀ’ ಅಂದು ಸುಮ್ಮನಾಗಬಾರದು, ಮುಂದೆ ವಾಕ್ಯ ಸೇರಿಸಬೇಕು ಅಂತ ನಾವು ನಿಯಮ ಮಾಡಿಕೊಂಡಿದ್ದೆವು.

ಆಟ 5: ಏಳು ಕುಟುಂಬಗಳು

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಫ್ರಾನ್ಸಿನಲ್ಲಿ ಮನೆಮನೆಯಲ್ಲೂ ಗೊತ್ತಿರುವ ಎಲೆಯಾಟ. ಏಳು ಕುಟುಂಬ, ಒಂದೊಂದರಲ್ಲಿ ಆರು ಜನ: ಅಜ್ಜ (ಗ್ರಾಂ-ಪೇರ್), ಅಜ್ಜಿ (ಗ್ರಾಂ-ಮೇರ್), ಅಪ್ಪ (ಪೇರ್), ಅಮ್ಮ (ಮೇರ್), ಮಗ (ಫೀಸ್), ಮಗಳು (ಫೀಯ್). ಒಟ್ಟು 42 ಎಲೆ. ಅಂಗಡಿಯಿಂದ ತರಬೇಕಿಲ್ಲ. ಅಕ್ಕ ಹಳೇ ಮದುವೆ ಕಾಗದಗಳನ್ನು ಒಂದೇ ಅಳತೆಗೆ ಕತ್ತರಿಸಿ ಹಿಂದೆ ಬಿಳಿ ಹಾಳೆ ಅಂಟಿಸಿದ್ದಳು. ರೈತನ ಕುಟುಂಬ, ಬ್ರೆಡ್ ಮಾಡುವವನ ಕುಟುಂಬ, ಬೆಸ್ತನ ಕುಟುಂಬ ಹೀಗೆ ಏಳು ಕಸುಬಿನ ಹೆಸರು.

ಎಲ್ಲರಿಗೂ ಆರಾರು ಎಲೆ ಹಂಚಿ ಉಳಿದದ್ದನ್ನು ನಡುವೆ ಮಗುಚಿ ಇಡಿ. ನಿಮ್ಮ ಸರದಿ ಬಂದಾಗ ಯಾರಾದರೊಬ್ಬರ ಕಡೆ ತಿರುಗಿ ಕೇಳಬೇಕು: ‘ದಾಂ ಲಾ ಫಾಮಿಯ್ ಫೆರ್ಮಿಯೇ, ಝ ದಮಾಂದ್ ಲಾ ಮೇರ್.’ ಅಂದರೆ, ‘ರೈತನ ಕುಟುಂಬದಲ್ಲಿ ಅಮ್ಮನನ್ನು ಕೇಳುತ್ತಿದ್ದೇನೆ.’ ಅವರ ಹತ್ತಿರ ಇದ್ದರೆ ಕೊಡಲೇಬೇಕು, ನೀವು ಮತ್ತೆ ಕೇಳಬಹುದು. ಇಲ್ಲದಿದ್ದರೆ ‘ಪಿಯೋಶ್!’ ಅನ್ನುತ್ತಾರೆ, ನೀವು ನಡುವಿನಿಂದ ಒಂದು ಎಲೆ ಎತ್ತಿಕೊಳ್ಳಬೇಕು. ನಿಮ್ಮ ಕೈಯಲ್ಲಿ ಆ ಕುಟುಂಬದ ಒಬ್ಬರಾದರೂ ಇರಬೇಕು, ಆಗಲೇ ಕೇಳಬಹುದು. ಹೆಚ್ಚು ಕುಟುಂಬ ಕೂಡಿಸಿದವರು ಗೆದ್ದರು.

ಇಲ್ಲಿ ಕಿವಿಗೆ ಎಷ್ಟು ಕೆಲಸ ನೋಡಿ. ಎದುರಿನವಳು ಬೆಸ್ತನ ಮಗನನ್ನು ಕೇಳಿದಳು ಅಂದರೆ ಅವಳ ಹತ್ತಿರ ಆ ಕುಟುಂಬದ ಬೇರೆ ಯಾರೋ ಇದ್ದಾರೆ ಅಂತ ಅರ್ಥ. ಅದನ್ನು ಕೇಳಿಸಿಕೊಂಡವರಿಗೆ ಮುಂದಿನ ಸರದಿಯಲ್ಲಿ ಲಾಭ. ಬೇರೆಯವರು ಮಾತಾಡುವಾಗ ಆಕಳಿಸುತ್ತಾ ಕೂರಲು ಆಗುವುದೇ ಇಲ್ಲ.

‘ಲ’ ಮತ್ತು ‘ಲಾ’ ಕೂಡ ಇಲ್ಲೇ ನಾಲಿಗೆಗೆ ಕೂರುತ್ತದೆ. ಫ್ರೆಂಚಿನಲ್ಲಿ ಪ್ರತಿ ನಾಮಪದವೂ ಗಂಡು ಇಲ್ಲವೇ ಹೆಣ್ಣು. ನಮ್ಮ ಹಾಗೆ ನಪುಂಸಕಲಿಂಗ ಇಲ್ಲ. ಮೇಜು ಹೆಣ್ಣು, ‘ಲಾ ತಾಬ್ಲ್’. ಪುಸ್ತಕ ಗಂಡು, ‘ಲ ಲಿವ್ರ್’. ಅದನ್ನು ಬಾಯಿಪಾಠ ಮಾಡೋದು ಬೇಜಾರು. ‘ಲ ಪೇರ್’, ‘ಲಾ ಮೇರ್’ ಅಂತ ಅಪ್ಪ ಅಮ್ಮನಿಂದ ಶುರುಮಾಡಿದರೆ ಸುಲಭ.

ಅಕ್ಕನ ಗೆಳತಿಯರಲ್ಲಿ ಒಬ್ಬರು ನಮ್ಮ ಹಾಗೇ ಹಳ್ಳಿಯ ಕನ್ನಡ ಮಾಧ್ಯಮದಿಂದ ಹೋದವರು. ಬರೆಯುವ ಪರೀಕ್ಷೆಯಲ್ಲಿ ತರಗತಿಗೇ ಮುಂದು. ಆದರೆ ಮೇಡಂ ಎಬ್ಬಿಸಿ ಕೇಳಿದರೆ ತಲೆ ಬಗ್ಗಿಸಿ ನಿಲ್ಲೋರಂತೆ. ‘ಉತ್ತರ ಗೊತ್ತಿರುತ್ತೆ ಕಣೆ, ಎಲ್ಲರೂ ನನ್ನ ಬಾಯನ್ನೇ ನೋಡ್ತಾರೆ ಅನ್ನಿಸಿದ ತಕ್ಷಣ ಗಂಟಲು ಕಟ್ಟುತ್ತೆ’ ಅಂತ ಅವರೇ ನನ್ನ ಹತ್ತಿರ ಹೇಳಿದರು. ಏಳು ಕುಟುಂಬ ಆಡುವಾಗ ಅವರ ಕೈಯಲ್ಲಿ ರೈತನ ಮನೆಯ ಐದು ಜನ ಸೇರಿದ್ದರು. ಅಮ್ಮ ಒಬ್ಬಳು ಬಾಕಿ. ಸರದಿ ಬಂದಾಗ ಒಂದೇ ಉಸಿರಿಗೆ ಪೂರ್ತಿ ವಾಕ್ಯ ಹೇಳಿಬಿಟ್ಟರು. ಯಾಕೆಂದರೆ ಆಗ ಯಾರೂ ಅವರ ಬಾಯಿ ನೋಡುತ್ತಿರಲಿಲ್ಲ. ಎಲ್ಲರೂ ತಂತಮ್ಮ ಎಲೆ ನೋಡುತ್ತಿದ್ದರು. ಅವರೂ ತಮ್ಮ ಉಚ್ಚಾರಣೆ ಯೋಚಿಸುತ್ತಿರಲಿಲ್ಲ. ಆ ಅಮ್ಮ ಅವರಿಗೆ ಬೇಕಿತ್ತು, ಕೇಳಿದರು. ಅಷ್ಟೆ.

ಇದನ್ನೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ತರಗತಿಯಲ್ಲಿ ಮೇಷ್ಟ್ರು ‘ಇದು ಏನು?’ ಅಂತ ಪೆನ್ನು ತೋರಿಸಿ ಕೇಳುತ್ತಾರೆ. ಅದು ಪೆನ್ನು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಹೇಳಿದರೆ ಯಾರಿಗೂ ಹೊಸದು ತಿಳಿಯುವುದಿಲ್ಲ. ನಮ್ಮ ತಪ್ಪು ಮಾತ್ರ ತಿಳಿಯುತ್ತದೆ. ಆಟದಲ್ಲಿ ಹಾಗಲ್ಲ. ನಿಮ್ಮ ಕೈಯಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ, ತಿಳಿಯಬೇಕಾದರೆ ಕೇಳಲೇಬೇಕು, ನಿಮ್ಮ ಉತ್ತರ ಕೇಳಿಸಿಕೊಳ್ಳಲೇಬೇಕು. ಮಾತು ಇರುವುದೇ ಇದಕ್ಕೆ ತಾನೆ?

ಆಟ 6: ಬೆನ್ನಿಗೆ ಬೆನ್ನು

ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರ ಕೈಯಲ್ಲಿ ಒಂದು ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಚಿತ್ರ ಇರುವವರು ಫ್ರೆಂಚಿನಲ್ಲಿ ವರ್ಣಿಸಬೇಕು, ಇನ್ನೊಬ್ಬರು ಕೇಳಿ ಬರೆಯಬೇಕು. ‘ಆ ಗೋಶ್’ ಎಡಕ್ಕೆ, ‘ಆ ದ್ರ್ವಾತ್’ ಬಲಕ್ಕೆ. ಕೊನೆಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು. ನಗೆಯೋ ನಗೆ.

ಇದರಲ್ಲಿ ಒಂದು ಗುಂಡಿ ಇದೆ. ಫ್ರೆಂಚಿನಲ್ಲಿ ‘ಮೇಲೆ’ ಎನ್ನಲು ‘ದಸ್ಯು’, ‘ಕೆಳಗೆ’ ಎನ್ನಲು ‘ದಸೂ’. ಎರಡಕ್ಕೂ ನಡುವೆ ಇರುವುದು ಒಂದೇ ಸ್ವರದ ವ್ಯತ್ಯಾಸ, ಅರ್ಥ ಮಾತ್ರ ತಿರುಗುಮುರುಗು! ಮೇಜಿನ ಕೆಳಗೆ ಮಲಗಿದ್ದ ಬೆಕ್ಕು ನಮ್ಮ ಹಾಳೆಯಲ್ಲಿ ಮೇಜಿನ ಮೇಲೆ ಹತ್ತಿ ಕೂತಿತ್ತು.

ಮೊದಲನೆಯ ಪದದ ಕೊನೆಯ ಸ್ವರ ಕನ್ನಡದಲ್ಲಿ ಇಲ್ಲ. ‘ಯು’ ಅಂತ ಬರೆದಿದ್ದೇನೆ, ಆದರೆ ಅದು ಸರಿಯಾದ್ದಲ್ಲ. ಹೇಳುವ ಉಪಾಯ ಹೀಗೆ: ಮೊದಲು ‘ಈ’ ಅನ್ನಿ. ನಾಲಿಗೆ ಅಲ್ಲಾಡಿಸಬೇಡಿ. ಹಾಗೇ ಅನ್ನುತ್ತಾ ತುಟಿಯನ್ನು ಮಾತ್ರ ‘ಊ’ ಅನ್ನುವ ಹಾಗೆ ದುಂಡಗೆ ಮಾಡಿ. ಬಂತಲ್ಲ, ಅದೇ. ಕನ್ನಡಿ ಹಿಡಿದುಕೊಂಡು ಮಾಡಿದರೆ ಬೇಗ ಬರುತ್ತದೆ.

ಆಡಿಸುವವರು ಗಮನಿಸಬೇಕಾದ್ದು

1. ಔಟ್ ಮಾಡಬೇಡಿ. ಝಾಕ್ ಆಟದಲ್ಲಿ ತಪ್ಪಿದವರನ್ನು ಹೊರಗೆ ಕೂರಿಸಿದರೆ, ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಮೊದಲು ಹೊರಗೆ ಹೋಗುತ್ತಾರೆ. ಕೊನೆಗೆ ಆಡುತ್ತಾ ಉಳಿಯುವವರು ಮೊದಲೇ ಬಲ್ಲವರು. ಅದರ ಬದಲು ತಪ್ಪಿದವರಿಗೆ ಒಂದು ಹುಣಿಸೆ ಬೀಜ ಕೊಡಿ, ಆಟ ಬಿಡಿಸಬೇಡಿ. ಕೊನೆಗೆ ಕಡಿಮೆ ಬೀಜ ಇರುವವರು ಗೆದ್ದಂತೆ.

2. ನಡುವೆ ತಿದ್ದಬೇಡಿ. ತಪ್ಪುಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು ಆಟ ಮುಗಿದ ಮೇಲೆ ಎರಡು ಮೂರನ್ನು ಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ ಸರಿಮಾಡಿ. ಯಾರ ತಪ್ಪು ಅಂತ ಹೆಸರು ಬೇಡ.

3. ಗುಂಪು ಚಿಕ್ಕದಿರಲಿ. ನಲವತ್ತು ಜನ ಒಟ್ಟಿಗೆ ಒಂದೇ ಆಟ ಆಡಿದರೆ ಒಬ್ಬರಿಗೆ ಒಂದು ವಾಕ್ಯವೂ ಸಿಗದು. ನಾಲ್ಕೈದು ಜನರ ಗುಂಪು ಮಾಡಿದರೆ ಎಲ್ಲರೂ ಮಾತಾಡುತ್ತಾರೆ. ಗಲಾಟೆ ಆಗುತ್ತದೆ ನಿಜ. ಅದು ಮಾತಿನ ಗಲಾಟೆ, ಸಹಿಸಿಕೊಳ್ಳಬೇಕು.

4. ಆಟದ ಮಾತೂ ಅದೇ ಭಾಷೆಯಲ್ಲಿರಲಿ. ಇಲ್ಲದಿದ್ದರೆ ಆಟ ಫ್ರೆಂಚಿನಲ್ಲಿ, ಜಗಳ ಕನ್ನಡದಲ್ಲಿ ಆಗುತ್ತದೆ. ಗೋಡೆಗೆ ಅಂಟಿಸಲು ಇಷ್ಟು ಸಾಕು:

ಆ ತ್ವಾ – ನಿನ್ನ ಸರದಿ
ಆಂಕೋರ್ ಯುನ್ ಫ್ವಾ – ಇನ್ನೊಂದು ಸಲ
ಪ್ಲ್ಯು ಲಾಂತ್‌ಮಾಂ – ಇನ್ನೂ ನಿಧಾನವಾಗಿ
ಝ ನ ಕೋಂಪ್ರಾಂ ಪಾ – ನನಗೆ ಅರ್ಥವಾಗಲಿಲ್ಲ
ತ್ಯು ತ್ರಿಶ್! – ನೀನು ಮೋಸ ಮಾಡ್ತಿದ್ದೀಯ!

ಕೊನೆಯದನ್ನು ಎಲ್ಲರೂ ಒಂದೇ ದಿನಕ್ಕೆ ಕಲಿತರು.

5. ಎಲ್ಲ ಆಟವೂ ಮಾತಿನ ಆಟವಲ್ಲ. ಅಕ್ಷರ ತುಂಬಿ ಪದ ಕಂಡುಹಿಡಿಯುವ ಆಟ ಒಳ್ಳೆಯದೇ, ಆದರೆ ಅಲ್ಲಿ ಬಾಯಿ ಬಿಡದೆಯೂ ಗೆಲ್ಲಬಹುದು. ಮಾತಾಡದೆ, ಕೇಳಿಸಿಕೊಳ್ಳದೆ ಈ ಆಟ ಗೆಲ್ಲೋಕೆ ಆಗುತ್ತಾ ಅಂತ ಮೊದಲು ಕೇಳಿಕೊಳ್ಳಿ. ಆಗುತ್ತೆ ಅಂದರೆ ನಿಯಮ ಬದಲಿಸಿ.

ನಮ್ಮ ಶಾಲೆಗೆ ಏನು?

ಈಗ ಮೊದಲ ಪ್ರಶ್ನೆಗೆ ಬರೋಣ. ನಮಗೆ ಫ್ರೆಂಚ್ ಇಲ್ಲ, ಇಂಗ್ಲಿಷ್ ಇದೆ. ಇಂಗ್ಲಿಷ್ ಪಾಠದ ಪ್ರಶ್ನೋತ್ತರ ನಮಗೆ ಬರುತ್ತದೆ, ಬಾಯಿಪಾಠವೂ ಇದೆ. ಆದರೆ ಅವಧಿಯಲ್ಲಿ ಮಾತಾಡುವವರು ಮುಂದಿನ ಬೆಂಚಿನ ಮೂರು ನಾಲ್ಕು ಜನ ಮಾತ್ರ. ಉಳಿದವರು ಸುಮ್ಮನಿರುವುದು ದಡ್ಡತನದಿಂದಲ್ಲ.

ಇನ್ನೊಂದು ಮಾತು. ನಮ್ಮ ತರಗತಿಯಲ್ಲೇ ಮನೆಯಲ್ಲಿ ಲಂಬಾಣಿ ಮಾತಾಡುವವರಿದ್ದಾರೆ, ಉರ್ದು ಮಾತಾಡುವವರಿದ್ದಾರೆ. ಅವರಿಗೆ ನಮ್ಮ ಕನ್ನಡವೇ ಕಲಿತ ಭಾಷೆ. ನಾವು ಯೋಚಿಸದೆ ಆಡುವ ಮಾತನ್ನು ಅವರು ಒಂದನೆಯ ತರಗತಿಯಲ್ಲಿ ಒಂದೊಂದಾಗಿ ಹೆಕ್ಕಿ ಕಲಿತಿದ್ದಾರೆ. ಒಂದು ತಿಂಗಳು ಫ್ರೆಂಚ್ ಆಡುವವರ ನಡುವೆ ಕೂತಾಗ ನನಗೆ ಅದು ನೆನಪಾಯಿತು. ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ ನಾವು ದೊಡ್ಡವರು ಶನಿವಾರ ಬೆಳಿಗ್ಗೆ ಹತ್ತು ನಿಮಿಷ ಝಾಕ್ ಆಟವನ್ನೂ ಕುಟುಂಬದ ಆಟವನ್ನೂ ಕನ್ನಡದಲ್ಲಿ ಆಡಿಸಬಹುದು. ಕುಟುಂಬದ ಆಟಕ್ಕೆ ಎಲೆ ಮಾಡಲು ಹಳೇ ಮದುವೆ ಕಾಗದ ಯಾರ ಮನೆಯಲ್ಲಿ ಇಲ್ಲ ಹೇಳಿ? ಗುರುಗಳು ಒಪ್ಪಿದರೆ ನಾನು ಮೊದಲ ಕಟ್ಟು ಮಾಡಿ ತರುತ್ತೇನೆ. ನಮ್ಮೂರಿನ ಏಳು ಕಸುಬು ಯಾವುವು ಇರಬೇಕು ಅಂತ ನೀವು ಚೀಟಿ ಬರೆದು ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿ.

ಅಭ್ಯಾಸ (ಉತ್ತರ ಮುಂದಿನ ಸಂಚಿಕೆಯಲ್ಲಿ)

1. ‘ಕಾತ್ರ್-ವ್ಯಾಂ-ಕ್ಯಾಂಜ಼್’ ಅಂದರೆ ಎಷ್ಟು? ಬಿಡಿಸಿ ಬರೆಯಿರಿ.
2. ‘ಆಂಫಾಂ’ ಅಂದರೆ ಮಗು. ‘ಲೇ’ ಸೇರಿದರೆ ‘ಮಕ್ಕಳು’ ಎನ್ನಲು ಹೇಗೆ ಹೇಳಬೇಕು?
3. ‘ನೀನು ನಿನ್ನೆ ಶಾಲೆಗೆ ಬರಲಿಲ್ವಾ?’ ಎಂದು ಯಾರೋ ಕೇಳುತ್ತಾರೆ. ನೀವು ಬಂದಿದ್ದಿರಿ. ಒಂದೇ ಫ್ರೆಂಚ್ ಪದದಲ್ಲಿ ಉತ್ತರಿಸಿ.
4. ನಿಮ್ಮ ಪಕ್ಕದವರ ಜೊತೆ ಕನ್ನಡದಲ್ಲೇ ‘ಹೌದು’, ‘ಇಲ್ಲ’, ‘ಹೂಂ’, ‘ಉಹೂಂ’ ಅನ್ನದೆ ಒಂದು ನಿಮಿಷ ಮಾತಾಡಿ ನೋಡಿ. ತಲೆ ಆಡಿಸುವುದೂ ಲೆಕ್ಕಕ್ಕೆ!

– ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ